ಎರಡು ಲೋಟದ ಪರೀಕ್ಷೆ

ಮನೆಯಿಂದ,
ಮಾರ್ಚ್ ೧೩, ಬುಧವಾರ ಬೆಳಿಗ್ಗೆ

ನನ್ನ ಮುದ್ದಿನ ಮಗಳೇ,

ನಿನ್ನ ಕೆಮ್ಮು ಹೇಗಿದೆ? ಬಿಸಿನೀರು ಕುಡಿ ಎಂದರೆ ಐಸಿನ ನೀರು ಹುಡುಕುವವಳು ನೀನು. ನಿನ್ನಮ್ಮ ಗಟ್ಟಿಯಾಗಿದ್ದಾಳೆ, ಅಂದರೆ ನನ್ನನ್ನು ಬೈಯುವಷ್ಟು ಗಟ್ಟಿ. ನನ್ನ ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಫೋನಿನಲ್ಲಾದರೆ ಎರಡನೇ ಮಾತಿಗೆ ನನಗೆ ಸಿಟ್ಟು, ನಿನಗೆ ಅಳು, ಅದಕ್ಕೇ ಬರೆಯುತ್ತಿದ್ದೇನೆ. ಐದನೇ ಕ್ಲಾಸಿನ ಅಕ್ಷರ, ತಪ್ಪು ಹುಡುಕಬೇಡ.

ಡೇರಿಯ ಕೊಳವೆಗೆ ನೀನು ತುಂಬಿಸಿಟ್ಟುಹೋದ ಎಂಜೈಮಿನ ಮಣಿಗಳ ವಿಷಯ. ನಲವತ್ತೊಂದು ದಿನ ಹಾಲು ಹರಿದರೂ ಗಾಜಿನ ಕೊಳವೆಯಲ್ಲಿ ಬಟಾಣಿಯಂತೆ ಗುಂಡಗೆ ಕೂತಿದ್ದವು. ಸೋಮವಾರ ಡೇರಿಯ ಬಾಗಿಲು ತೆಗೆದರೆ ಮಣಿಯೆಲ್ಲ ಕರಗಿ ಕೊಳವೆ ತುಂಬ ಗಂಜಿ. ಮ್ಯಾನೇಜರು ನಿನ್ನ ಜೊತೆಗಾತಿಯನ್ನು, ಅದೇ ಕನ್ನಡಕದ ಹುಡುಗಿಯನ್ನು, ಎಲ್ಲರೆದುರು ನಿಲ್ಲಿಸಿ, "ಕೊಳವೆ ನೋಡ್ಕೋ ಅಂದ್ರೆ ಗಂಜಿ ಕಾಯಿಸಿಟ್ಟಿದ್ದೀಯಲ್ಲಮ್ಮಾ, ನಾಳೆಯಿಂದ ಬರಬೇಡ" ಎಂದ. ಅವಳು ಬಿಳಿ ಕೋಟು ಮಡಚಿ ಮೇಜಿನ ಮೇಲಿಟ್ಟು ಹೋದಳು. ನಾನು ಪೊರಕೆ ಹಿಡಿದು ಅಲ್ಲೇ ನಿಂತಿದ್ದೆ. ಊರಿಗೆಲ್ಲ ಬಾಯಿ ಮಾಡುವ ನಾನು ತುಟಿ ಬಿಚ್ಚಲಿಲ್ಲ.

ನಿನ್ನೆ ನೀನು ಫೋನು ಮಾಡಿ, "ಅವಳದಲ್ಲಪ್ಪಾ, ತಪ್ಪು ನಂದೇ. ಮಣಿ ಗಟ್ಟಿಯಾಗಿರಲಿಲ್ಲ. ಶುಕ್ರವಾರ ಇಲ್ಲಿ ಮಣಿ ಕೊಳ್ಳೋ ಕಂಪನಿಯೋರಿಗೆ ಹಾಗೇ ಹೇಳಿ ಊರಿಗೆ ವಾಪಸ್ ಬಂದುಬಿಡ್ತೀನಿ" ಅಂದೆಯಲ್ಲ, ಆಗಿನಿಂದ ತಟ್ಟೆಯ ಮುಂದೆ ಕೂತು ಹಾಗೇ ಎದ್ದುಬಿಡುತ್ತಿದ್ದೇನೆ. ಮೂರು ವರ್ಷ ಆ ಎಂಜೈಮನ್ನು ಸೋಸಿದೆ, ಕಲ್ಮಶ ತೆಗೆದೆ, ಮತ್ತೆ ಸೋಸಿದೆ. ಅಷ್ಟೆಲ್ಲ ಮಾಡಿ ಮಣಿಯೊಳಗೆ ಯಾಕೆ ಕೂಡಿಹಾಕುತ್ತೀಯೆ ಎಂದು ಕೇಳಿದ್ದಕ್ಕೆ, "ಅದು ನಿನ್ನಂಥ ಕೆಲಸಗಾರ ಅಪ್ಪಾ. ಹಾಗೇ ಬಿಟ್ರೆ ಒಂದು ದಿನ ದುಡಿದು ಹಾಲಿನ ಜೊತೆ ಹೊರಟುಹೋಗ್ತಾನೆ. ಸುಣ್ಣದ ಗೋಡೆಯೊಳಗೆ ಕೂರಿಸಿದ್ರೆ ತಿಂಗಳುಗಟ್ಟಲೆ ಹಾಲಿನ ಸಕ್ಕರೆ ಒಡೀತಾನೆ" ಅಂದಿದ್ದೆ. ಅಂಥದ್ದನ್ನು ನಿನ್ನ ಬಾಯಿಂದಲೇ ಕೆಟ್ಟದ್ದು ಅನ್ನಬೇಡ. ಮಣಿ ಗಟ್ಟಿಯಾಗಿಯೇ ಇದ್ದವು. ನಿನಗೆ ಹೇಗೆ ಗೊತ್ತು ಅಂದರೆ, ಗೊತ್ತು, ಅಷ್ಟೇ.

ಮೈ ಬೆಚ್ಚಗಿಟ್ಟುಕೋ. ಯಾರೆದುರೂ ನಿನ್ನ ತಲೆ ತಗ್ಗದಿರಲಿ ಎಂಬುದೇ ಈ ಮುದುಕನ ಆಶೀರ್ವಾದ.

ನಿನ್ನ ಸಿಡುಕ ಅಪ್ಪ

ವಿ.ಸೂ.: ಹಾಲಿನ ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ, ಅವನ ಕೈಲೇ ಕಳಿಸುತ್ತೇನೆ, ನಾಳೆ ಸಿಗುತ್ತದೆ. ಕೊಳವೆ ತೊಳೆದವನು ನಾನು. ಶನಿವಾರ ಅದರಿಂದ ಹುಳಿ ವಾಸನೆ ಬಂತು. ಮಗಳ ಕೆಲಸ ನಾರಬಾರದೆಂದು, ಮೂವತ್ತು ವರ್ಷ ಹಾಲಿನ ಕ್ಯಾನ್ ತೊಳೆದ ಪುಡಿಯನ್ನೇ ಕಲಸಿ ಹಾಯಿಸಿದೆ. "ತೊಳೆಯಲು ಸುಣ್ಣದುಪ್ಪಿನ ನೀರು ಮಾತ್ರ" ಎಂದು ನೀನು ಅಂಟಿಸಿದ ಚೀಟಿ ಓದಿದ್ದೆ. ತೊಳೆಯುವುದನ್ನು ನನಗೇ ಕಲಿಸುತ್ತಾಳೆ ಎಂದು ಸಿಟ್ಟು ಬಂದಿತ್ತು. ನಿನ್ನೆ ಫ್ರಿಜ್ಜಿನ ಡಬ್ಬಿಯಲ್ಲಿ ಮಿಕ್ಕಿದ್ದ ಮಣಿಗಳನ್ನು ಎರಡು ಲೋಟಕ್ಕೆ ಹಾಕಿ ನೋಡಿದೆ. ನಿನ್ನ ನೀರಿನವು ಈಗಲೂ ಗುಂಡಗಿವೆ. ನನ್ನ ಪುಡಿಯವು ಸ್ನಾನ ಮುಗಿಸಿ ಬರುವಷ್ಟರಲ್ಲಿ ಗಂಜಿ. ಕ್ಯಾನಿನ ಸುಣ್ಣದ ಕರೆಯನ್ನೇ ಕೀಳುವ ಪುಡಿ, ಮಣಿಯ ಸುಣ್ಣವನ್ನು ಬಿಟ್ಟೀತೇ? ಇಷ್ಟು ತಿಳಿಯದ ಹೆಡ್ಡ ನಾನು. ಎರಡೂ ಲೋಟ ಹಿಡಿದು ಮ್ಯಾನೇಜರ ಹತ್ತಿರ ಹೊರಟಿದ್ದೇನೆ. ಕನ್ನಡಕದ ಹುಡುಗಿಯನ್ನೂ ಬರಹೇಳಿದ್ದೇನೆ, ಅವಳೆದುರೇ ಹೇಳಬೇಕು. ನನ್ನ ಕೆಲಸ ಹೋದರೂ ನನಗಾಗಿ ಯಾರ ಕಾಲೂ ಹಿಡಿಯಬೇಡ. ದಾರಿಯಲ್ಲಿ ಲೋಟ ತುಳುಕಿದರೆ ಅದು ಮೊಣಕಾಲಿನ ದೆಸೆಯಿಂದ, ಹೆದರಿಕೆಯಿಂದಲ್ಲ.