ಅಂಟಿಕೊಂಡ ಹಾಳೆಗಳು

ಮಯೂರ್ ವಿಹಾರ್, ದೆಹಲಿ
ಗುರುವಾರ, ೨೧ ನವೆಂಬರ್ ೨೦೨೪

ಪ್ರೀತಿಯ ತಮ್ಮ ಜಯವಂತನಿಗೆ,

ಕರ್ತನ ಕೃಪೆ ನಿಮ್ಮ ಮನೆಯ ಮೇಲಿರಲಿ ಎಂದು ಬೇಡಿಕೊಂಡು ನಿನ್ನ ಅಕ್ಕ ಬರೆಯುವ ಕಾಗದ. ಹೇಗಿದ್ದೀಯಪ್ಪಾ? ಭೋಪಾಲದ ನೀರು ಒಗ್ಗಿತೇ? ಸುನೀತಾ ಥೈರಾಯ್ಡ್ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದಾಳೆಯೇ? ಅವಳು ನಿನಗೆ ನೆನಪಿಸುತ್ತಾಳೆ, ತನ್ನದನ್ನು ಮರೆಯುತ್ತಾಳೆ, ನೋಡಿಕೋ. ಇಲ್ಲಿ ಹೊಗೆ ಇಳಿದು ಕೂತಿದೆ. ಬಾಲ್ಕನಿಯಲ್ಲಿ ಹಾಕಿದ ಬಟ್ಟೆ ಒಣಗುವ ಹೊತ್ತಿಗೆ ಮತ್ತೆ ಒಗೆಯೋಣ ಅನ್ನಿಸುತ್ತದೆ. ನಿನ್ನ ಭಾವನಿಗೆ ಕೆಮ್ಮು ಬಿಟ್ಟಿಲ್ಲ, ಆದರೂ ಬೆಳಗಿನ ವಾಕಿಂಗ್ ಬಿಡುವುದಿಲ್ಲ. ನನ್ನ ಎಡ ಮಂಡಿ ಮೆಟ್ರೋ ಮೆಟ್ಟಿಲು ಕಂಡರೆ ಮೊದಲೇ ಅಳುತ್ತದೆ. ಒಟ್ಟಿನಲ್ಲಿ ದೇವರು ನಡೆಸುತ್ತಿದ್ದಾನೆ, ನಾವು ಕಾಲೆಳೆದುಕೊಂಡು ಹಿಂದೆ ಹೋಗುತ್ತಿದ್ದೇವೆ.

ಫೋನಿದ್ದೂ ಅಕ್ಕ ಕಾಗದ ಯಾಕೆ ಬರೆದಳು ಅನ್ನಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೆ ಆಫೀಸಿನಲ್ಲಿದ್ದೀನಿ ಅನ್ನುತ್ತೀಯ, ಭಾನುವಾರವೂ ಆಫೀಸು. ಮೊಬೈಲಿನಲ್ಲಿ ಉದ್ದಕ್ಕೆ ಬರೆಯಲು ಕೂತಿದ್ದೆ, ನಿನ್ನ ಸೋದರಸೊಸೆ ಅನನ್ಯಾ ಇಣುಕಿ ನೋಡಿ, “ಅಮ್ಮಾ, ಇಷ್ಟು ದೊಡ್ಡ ಮೆಸೇಜ್ ಯಾರೂ ಓದಲ್ಲ, ವಾಯ್ಸ್ ನೋಟ್ ಭೇಜ್ ದೋ” ಅಂದಳು. ನನ್ನ ದನಿ ಕೇಳಿ ನೀನು ಅರ್ಧಕ್ಕೇ ನಿಲ್ಲಿಸುತ್ತೀಯ ಎಂದು ನನಗೆ ಗೊತ್ತು. ಕಾಗದವಾದರೆ, ಗುಬ್ಬಿಯಿಂದ ಅಪ್ಪನ ಕಾಗದ ಬಂದಾಗ ಓದುತ್ತಿದ್ದೆಯಲ್ಲ, ಹಾಗೆ ಕೊನೆಯವರೆಗೂ ಓದುತ್ತೀಯ ಎಂಬ ನಂಬಿಕೆ.

ಹೋದ ತಿಂಗಳು ನೀನು ನಮ್ಮ ಕನ್ನಡ ಸಭೆಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ ಮಾತಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. “ಮುಖಂಡನ ಜಾಗದಿಂದ ನನ್ನ ಹೆಸರು ತೆಗೆದುಬಿಡಿ, ಇನ್ನು ನಾನು ಯಾವ ಸಭೆಗೂ ಮುಂದೆ ನಿಲ್ಲುವವನಲ್ಲ” ಎಂದು ಹಾಕಿದ್ದೆ. ಕೆಲವರು ಕೈಮುಗಿಯುವ ಚಿತ್ರ ಹಾಕಿದರು, ಅಷ್ಟೇ. ನಮಗೆ ಹಾಲ್ ಕೊಡುವ ಚರ್ಚಿನ ಹಿಂದಿಯವರಿಗೆ ಅವರ ಪಟ್ಟಿಯಿಂದ ನಿನ್ನ ಹೆಸರು ತೆಗೆಯಲು ನಾನು ಹೇಳಿಲ್ಲ. ಹೇಳುವುದೂ ಇಲ್ಲ. ಯಾಕೆ ಅನ್ನುವುದನ್ನು ಹೇಳುವುದಕ್ಕೇ ಈ ಕಾಗದ, ಸ್ವಲ್ಪ ಸುತ್ತಿ ಬರುತ್ತೇನೆ, ತಾಳ್ಮೆಯಿಂದ ಓದು.

ನೀನು ಹೋದ ಮೇಲೆ ಆ ಸೆಕೆಯಲ್ಲಿ ಸಭೆ ಹೇಗೆ ನಡೆಯಿತು ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಧ್ಯಾಹ್ನ ಹಿಂದಿಯವರ ಆರಾಧನೆ ಮುಗಿದು ಹಾಲ್ ನಮಗೆ ಬಿಡುತ್ತಾರಲ್ಲ, ನಾನು, ನಿನ್ನ ಭಾವ, ವಿಕ್ರಮ್, ಆ ಕೋಚಿಂಗಿಗೆ ಬಂದಿರುವ ಇಬ್ಬರು ಹುಡುಗಿಯರು, ಇಷ್ಟೇ ಜನ. ಬೀಗದ ಕೈ ಇಟ್ಟುಕೊಂಡಿರುವ ಚೌಕೀದಾರ ಬಾಗಿಲಲ್ಲಿ ನಿಂತು, “ಆಂಟೀಜೀ, ಪಾಂಚ್ ಲೋಗೋಂ ಕೇ ಲಿಯೇ ಸಾರೇ ಪಂಖೇ ಚಲಾಊಂ ಕ್ಯಾ?” ಎಂದು ಕೇಳುತ್ತಿದ್ದ. ಐದು ಜನಕ್ಕೆ ಒಂದು ಸಾಕು ಭಯ್ಯಾ ಎಂದು ಒಂದೇ ಫ್ಯಾನಿನ ಕೆಳಗೆ ಕೂತುಕೊಳ್ಳುತ್ತಿದ್ದೆವು. ನೋಯ್ಡಾದ ಕಂಪನಿ ಹುಡುಗರು ಒಬ್ಬರೂ ಬರಲಿಲ್ಲ. “ಜಯವಂತ ಅಂಕಲ್ ಎಕ್ಸಾಮ್ ತಗೋತಾರೆ, ನಾವು ಫೇಲ್” ಎಂದು ನಗುತ್ತಾ ಹೇಳಿದರಂತೆ. ನಗುತ್ತಾ ಹೇಳಿದ್ದಕ್ಕೇ ನನಗೆ ಹೆಚ್ಚು ನೋವಾಯಿತು.

ಆ ಮಾರ್ಚಿನ ಭಾನುವಾರವನ್ನು ನೆನಪಿಸುವುದು ನಿನ್ನನ್ನು ಚುಚ್ಚುವುದಕ್ಕಲ್ಲ. ಈ ವರ್ಷದ ಮೊದಲ ದಿನ ನೀನು ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದೆ, ದಿನವೂ ಮನೆಯಲ್ಲಿ ದೇವರ ವಾಕ್ಯ ಓದುತ್ತೇವೆ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಂದು. ಒಳ್ಳೆಯದನ್ನೇ ಮಾಡಿದ್ದೆ. ನಮ್ಮ ಜನಕ್ಕೆ ಭಾನುವಾರ ಹಾಡು ಬೇಕು, ಹಾಡು ಮುಗಿದ ಮೇಲೆ ಚಿತ್ರಾನ್ನ ಬೇಕು, ನಡುವೆ ವಾಕ್ಯ ಸ್ವಲ್ಪ ಬೇಗ ಮುಗಿದರೆ ಸಂತೋಷ. ಅದನ್ನು ನೋಡಿ ನಿನಗೆ ಮೈ ಉರಿಯುತ್ತಿತ್ತು. ಮಾರ್ಚಿನಲ್ಲಿ ಅವತ್ತು, ಎಲ್ಲರೂ ನಿಮ್ಮ ನಿಮ್ಮ ಬೈಬಲ್ ಪುಸ್ತಕ ಮೇಲೆ ಎತ್ತಿ ಅಂದೆ. ಸೋಮಶೇಖರಣ್ಣನ ತೊಡೆಯ ಮೇಲಿದ್ದ ಪುಸ್ತಕವನ್ನು ನೀನೇ ತೆಗೆದುಕೊಂಡೆ. ಅಂಚಿಗೆ ಚಿನ್ನದ ಬಣ್ಣ ಹಚ್ಚಿದ ಹಾಳೆಗಳು, ಒಂದಕ್ಕೊಂದು ಅಂಟಿಕೊಂಡಿದ್ದವು. ಬೆರಳಿನಿಂದ ಬಿಡಿಸಿದಾಗ ಚಟ್ ಚಟ್ ಎಂದು ಸದ್ದಾಯಿತು. ನೀನು ಅದನ್ನು ಎಲ್ಲರಿಗೂ ತೋರಿಸಿ, “ಸಭೆಯ ಹಿರಿಯರ ಪುಸ್ತಕ ಇದು. ಅಂಗಡಿಯಿಂದ ಬಂದ ಹಾಗೇ ಇದೆ. ಇನ್ನು ಕಿರಿಯರನ್ನು ನಾನು ಏನು ಕೇಳಲಿ?” ಅಂದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸೋಮಶೇಖರಣ್ಣ ಕೂಡ ನಕ್ಕರು, ಪಾಪ. ಪುಸ್ತಕ ವಾಪಸ್ಸು ತೆಗೆದುಕೊಂಡು ಕರ್ಚೀಫಿನಲ್ಲಿ ಸುತ್ತಿ, ಹೆಂಡತಿ ರತ್ನಾಳನ್ನು ಕರೆದುಕೊಂಡು ಹೊರಟೇ ಹೋದರು. ಅವರ ಹಿಂದೆ ಪೀತಮ್‌ಪುರದ ಕಡೆಯವರೆಲ್ಲ ಹೋದರು. ಜೂನಿನಲ್ಲಿ ನೀನು ವರ್ಗಾವಣೆ ಕೇಳಿ ತೆಗೆದುಕೊಂಡು ಹೋದೆ. ಸುಳ್ಳು ಹೇಳಿದ ಮುಖಂಡರು ಊರು ಬಿಟ್ಟಿದ್ದನ್ನು ಕೇಳಿದ್ದೇನೆ, ನಿಜ ಹೇಳಿ ಬಿಟ್ಟುಹೋದವನು ನೀನೊಬ್ಬನೇ ಎಂದು ಆಗ ನಿನ್ನ ಪರವಾಗಿ ಎಷ್ಟು ಜನರ ಹತ್ತಿರ ವಾದ ಮಾಡಿದೆ!

ಸೆಪ್ಟೆಂಬರಿನಲ್ಲಿ ನನಗೇ ತಡೆಯಲಾಗಲಿಲ್ಲ. ಹಿರಿಯರ ಮನೆಗೆ ಹೋಗಿ ಒಂದು ಮಾತು ಆಡೋಣ, ಬಂದರೆ ಬರಲಿ ಎಂದು ಹೊರಟೆ. ಮೆಟ್ರೋ ಬದಲಾಯಿಸಿ, ಮಂಡಿ ಹಿಡಿದುಕೊಂಡು, ಪೀತಮ್‌ಪುರ ಮುಟ್ಟುವ ಹೊತ್ತಿಗೆ ನನಗೇ ಯಾಕೆ ಬಂದೆನೋ ಅನ್ನಿಸಿತ್ತು. ಹೇಳದೆ ಹೋಗಿದ್ದೆ. ಬಾಗಿಲು ತೆರೆದ ರತ್ನಾ ಮಾತಾಡಬೇಡ ಎಂದು ಬಾಯಿಗೆ ಬೆರಳಿಟ್ಟಳು. ಒಳಗೆ ಫ್ರಿಜ್ಜಿನ ಪಕ್ಕದ ಮೇಜಿನ ಹತ್ತಿರ ಸೋಮಶೇಖರಣ್ಣ ಕೂತು ಗಟ್ಟಿಯಾಗಿ ಓದುತ್ತಿದ್ದರು. ಹಿಂದಿಯಲ್ಲಿ. ಸಾಲಿನ ಕೆಳಗೆ ಬೆರಳು ಇಟ್ಟುಕೊಂಡು, ಸಣ್ಣ ಹುಡುಗರು ಓದುವ ಹಾಗಲ್ಲ, ಪರಿಚಯದವರ ಜೊತೆ ಮಾತಾಡುವ ಹಾಗೆ. ಆ ಹಿಂದಿ ಪುಸ್ತಕದ ಬೆನ್ನು ಬಿಟ್ಟುಹೋಗಿ ದಪ್ಪ ರಬ್ಬರ್ ಬ್ಯಾಂಡ್ ಹಾಕಿದ್ದರು. ಹಾಳೆಯ ಅಂಚು ಬೆರಳ ಎಣ್ಣೆಗೆ ಕಪ್ಪಾಗಿತ್ತು, ನಮ್ಮ ಅಡುಗೆಮನೆಯ ಸ್ವಿಚ್ ಇದೆಯಲ್ಲ, ಹಾಗೆ. ಓದಿ ಮುಗಿಸಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಸಭೆಯ ಹೆಸರು ಹೇಳಿದರು. ನಿನ್ನ ಹೆಸರನ್ನೂ ಹೇಳಿದರು ಜಯವಂತಾ. ಕಣ್ಣು ಬಿಟ್ಟು ನನ್ನನ್ನು ನೋಡಿದವರೇ ಆ ಪುಸ್ತಕವನ್ನು ಪೇಪರಿನ ಕೆಳಗೆ ತಳ್ಳಿದರು, ಕಳ್ಳಮಾಲಿನ ಜೊತೆ ಸಿಕ್ಕಿಬಿದ್ದವರ ಹಾಗೆ.

ಆಮೇಲೆ ರತ್ನಾ ಚಹಾ ತಂದಿಟ್ಟು ಎಲ್ಲ ಹೇಳಿದಳು. ಸೋಮಶೇಖರಣ್ಣನ ಅಪ್ಪ ಪ್ರೆಸ್ಸಿನ ಕೆಲಸಕ್ಕೆ ದೆಹಲಿಗೆ ಬಂದಾಗ ಇವರು ಕೈಗೂಸು. ಓದಿದ್ದೆಲ್ಲ ಇಲ್ಲಿಯ ಹಿಂದಿ ಶಾಲೆಯಲ್ಲಿ. ಮನೆಯಲ್ಲಿ ಕನ್ನಡ ಮಾತು ಉಳಿಯಿತು, ಅಕ್ಷರ ಯಾರೂ ಕಲಿಸಲಿಲ್ಲ. ನಮ್ಮ ಸಭೆಯಲ್ಲಿ ಸರದಿ ಓದು ಇದೆಯಲ್ಲ, ಒಬ್ಬೊಬ್ಬರು ಒಂದೊಂದು ವಚನ, ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂಬ ನಿನ್ನ ಕಟ್ಟಳೆ, ಆಗೆಲ್ಲ ಗಂಡಹೆಂಡತಿ ಇಬ್ಬರೂ ರತ್ನಾಳ ಒಂದೇ ಪುಸ್ತಕಕ್ಕೆ ಬಗ್ಗುತ್ತಿದ್ದರು. “ನೋಡಿ, ಈ ವಯಸ್ಸಿನಲ್ಲೂ ಒಂದು ಪುಸ್ತಕ ಸಾಕು ಇವರಿಗೆ” ಎಂದು ನೀನೇ ತಮಾಷೆ ಮಾಡುತ್ತಿದ್ದೆ, ನಾವೆಲ್ಲ ನಗುತ್ತಿದ್ದೆವು. ಅವಳು ಕಿವಿಯಲ್ಲಿ ಮೆಲ್ಲಗೆ ಓದುತ್ತಿದ್ದಳಂತೆ, ಅವರು ಅದನ್ನೇ ಗಟ್ಟಿಯಾಗಿ ಹೇಳುತ್ತಿದ್ದರಂತೆ. ಚಿನ್ನದ ಅಂಚಿನ ಕನ್ನಡ ಪುಸ್ತಕ ಬರೀ ಕೈಯಲ್ಲಿ ಹಿಡಿದು ಬರುವುದಕ್ಕೆ. ಸೋಮಶೇಖರಣ್ಣ ತಲೆ ಎತ್ತದೆ, “ಅಕ್ಕಾ, ಬೋಲ್ನಾ ಆತಾ ಹೈ, ಪಢ್ನಾ ನಹೀ. ಕನ್ನಡ ಸಭೆ ಹಿರಿಯನಿಗೆ ಕನ್ನಡ ಓದೋಕೆ ಬರಲ್ಲ ಅಂದ್ರೆ ಲೋಗ್ ಕ್ಯಾ ಕಹೇಂಗೇ?” ಅಂದರು. ಅದಕ್ಕೆ ರತ್ನಾ, “ಜನ ಏನಂದ್ರು ಅಂತ ಗೊತ್ತಾಯ್ತಲ್ಲ ಈಗ! ದಿನಾ ಓದೋ ಮನುಷ್ಯನ್ನ ಓದದವನು ಅಂದ್ರು” ಎಂದು ಲೋಟ ಕುಕ್ಕಿದಳು.

ವಾಪಸ್ಸು ಬರುವಾಗ ಮೆಟ್ರೋದಲ್ಲಿ ಸೀಟು ಸಿಕ್ಕಿತ್ತು, ಆದರೂ ದಣಿವು ಆರಲಿಲ್ಲ. ಒಂದೇ ಯೋಚನೆ. ಮುಂದೆ ನಿಂತವನಿಗೆ ಜನರ ಕೈಯಲ್ಲಿರುವ ಪುಸ್ತಕ ಕಾಣುತ್ತದೆ, ಅವರ ಅಡುಗೆಮನೆ ಮೇಜು ಕಾಣುವುದಿಲ್ಲ. ಕಾಣಬೇಕಾದರೆ ಇಳಿದು ಅವರ ಮನೆತನಕ ಹೋಗಬೇಕು. ನೀನು ಬುದ್ಧಿವಂತ, ನಿನಗೆ ಹೇಳುವಷ್ಟು ನಾನು ಓದಿಲ್ಲ, ಊರ ಶಾಲೆಯ ಏಳನೇ ತರಗತಿ. ಅಕ್ಕ ಎಂದು ಹೇಳಿದೆ.

ಮುಂದಿನ ಭಾನುವಾರ ಹಾಲಿನಲ್ಲಿ ನಾನೇ ಎದ್ದು ನಿಂತೆ. ಯಾರಿಗೂ ಸೋಮಶೇಖರಣ್ಣನ ವಿಷಯ ಹೇಳಲಿಲ್ಲ. ಇವತ್ತಿನಿಂದ ಯಾರಿಗೆ ಯಾವ ಅಕ್ಷರ ಬರುತ್ತದೋ ಅದರಲ್ಲೇ ಸರದಿ ಓದು ಅಂದೆ. ವಿಕ್ರಮ್ ತಕ್ಷಣ, “ಆಂಟಿ, ಹಾಗಾದ್ರೆ ಕನ್ನಡ ಸಭೆ ಅಂತ ಬೋರ್ಡ್ ಯಾಕೆ?” ಅಂದ. ಅವನು ಕೇಳಿದ್ದು ತಪ್ಪಲ್ಲ. ನನಗೂ ಕನ್ನಡದಲ್ಲಿ ಕೇಳಿದರೇನೇ ವಾಕ್ಯ ಒಳಗೆ ಇಳಿಯುವುದು. “ಬೋರ್ಡು ಇರಲಿ ಮಗಾ, ಅದನ್ನು ಯಾರೂ ಸರದಿಯಲ್ಲಿ ಓದುವುದಿಲ್ಲ” ಅಂದೆ. ಹುಡುಗಿಯರು ನಕ್ಕರು, ಅವನು ಮುಖ ಊದಿಸಿಕೊಂಡ, ಆದರೂ ಓದಿದ. ರತ್ನಾಳಿಗೆ ಫೋನು ಮಾಡಿ ಇಷ್ಟನ್ನೇ ಹೇಳಿದೆ, ಬನ್ನಿ ಎಂದು ಒತ್ತಾಯ ಮಾಡಲಿಲ್ಲ.

ಗಂಡಹೆಂಡತಿ ಎಷ್ಟೋ ವಾರ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬಂದು ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲೇ ಕೂತರು. ಸರದಿ ಸೋಮಶೇಖರಣ್ಣನ ಹತ್ತಿರ ಹೋಯಿತು. ರಬ್ಬರ್ ಬ್ಯಾಂಡ್ ತೆಗೆದು ಮಣಿಕಟ್ಟಿಗೆ ಹಾಕಿಕೊಂಡು, ಹಿಂದಿಯಲ್ಲಿ, ಮನೆಯಲ್ಲಿ ಓದಿದ ಹಾಗೇ ಓದಿದರು. ಒಂದು ವಚನ ಓದಿ ನಿಲ್ಲಿಸಬೇಕಾದವರು ಮರೆತು ಮೂರು ಓದಿದರು. ಯಾರೂ ತಡೆಯಲಿಲ್ಲ. ಚೌಕೀದಾರ ಕೂಡ ಬಾಗಿಲಿಗೆ ಒರಗಿ ಕೇಳಿದ. ರತ್ನಾ ಪಕ್ಕದಲ್ಲಿ ಏನು ಮಾಡಬೇಕೆಂದು ತಿಳಿಯದೆ ಸೆರಗಿನ ತುದಿ ತಿರುಚುತ್ತಾ ಕೂತಿದ್ದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಗಂಡ ಓದುವುದನ್ನು ಸುಮ್ಮನೆ ಕೇಳುವ ಕೆಲಸ.

ಇದನ್ನು ಓದಿ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡ. ಪೀತಮ್‌ಪುರದವರು ಕೆಲವರು ಬಂದಿದ್ದಾರೆ, ಕೆಲವರು ಬಂದಿಲ್ಲ. ಮೂರು ಭಾಷೆಯಲ್ಲಿ ಓದುವುದರಿಂದ ಒಂದು ಅಧ್ಯಾಯ ಮುಗಿಯುವುದೇ ಇಲ್ಲ, ಹುಡುಗರು ಮೊಬೈಲಿನಲ್ಲಿ ಇಂಗ್ಲಿಷ್ ಓದಿ ನಿಮ್ಮದರಲ್ಲಿ ಹಾಗಿಲ್ಲವಲ್ಲ ಎಂದು ಶುರು ಮಾಡುತ್ತಾರೆ, ಅಷ್ಟರಲ್ಲಿ ಚೌಕೀದಾರ ಬೀಗದ ಕೈ ಅಲ್ಲಾಡಿಸುತ್ತಾನೆ. ಅರ್ಥ ಕೇಳಿದರೆ ನನಗೆ ಬರುವುದಿಲ್ಲ. ಗೊತ್ತಿಲ್ಲ, ಪ್ರಾರ್ಥನೆ ಮಾಡೋಣ ಅನ್ನುತ್ತೇನೆ. ಎಷ್ಟು ವಾರ ಹೀಗೆ ಹೇಳಲಿ? ಗುಂಡಣ್ಣ ಪಾಸ್ಟರ್ ಬೆಂಗಳೂರಿನಿಂದ ಫೋನಿನಲ್ಲಿ, ನೀವೇ ನಡೆಸಿ ಅಮ್ಮಾ, ದೇವರು ಬಲ ಕೊಡುತ್ತಾನೆ ಅನ್ನುತ್ತಾರೆ. ಕೊಡುತ್ತಾನೆ, ಸುಳ್ಳಲ್ಲ. ಆದರೆ ಶನಿವಾರ ಸಂಜೆ ಆಗುತ್ತಿದ್ದಂತೆ ನನ್ನ ಮೈಯೆಲ್ಲ ಭಾರ. ಬಲ ಬರುವ ತನಕ ಕಾಯುವುದಕ್ಕೂ ಬಲ ಬೇಕಲ್ಲಪ್ಪಾ. ನೀನು ಮುಂದೆ ನಿಂತಾಗ ನಿನ್ನ ಹಿಂದೆ ನಾನಿದ್ದೆ. ಈಗ ನಾನು ನಿಂತಾಗ ಹಿಂದೆ ತಿರುಗಿ ನೋಡಿದರೆ ಗೋಡೆ.

ಅದಕ್ಕೇ ನಿನ್ನ ಹೆಸರು ತೆಗೆಯಲಿಲ್ಲ. ನೀನು ವಾಕ್ಯದ ಮೇಲೆ ಇಟ್ಟ ಆಸೆ ತಪ್ಪಲ್ಲ. ಆಸೆಯಿಂದ ಕೈ ಜೋರಾಯಿತು, ಅಷ್ಟೇ. ಅದಕ್ಕೆ ಸೋಮಶೇಖರಣ್ಣನಿಗೆ ಹೇಳಬೇಕಾದ ಒಂದು ಮಾತು ಬಾಕಿ ಇದೆ, ಆ ಮಾತನ್ನು ನಾನು ನಿನ್ನ ಪರವಾಗಿ ಆಡಲಾರೆ. ಭೋಪಾಲದಲ್ಲಿ ಯಾವ ಸಭೆಗೆ ಹೋಗುತ್ತಿದ್ದೀಯ? ಹೋಗದಿದ್ದರೂ ಹೇಳು, ಬೈಯುವುದಿಲ್ಲ.

ಭಾವ ನಿನ್ನನ್ನು ಕೇಳಿದ್ದಾರೆ, ಅನನ್ಯಾ ಮಾಮನಿಗೆ ಹಾಯ್ ಅಂದಿದ್ದಾಳೆ. ಸುನೀತಾಗೆ ನನ್ನ ಪ್ರೀತಿ ತಿಳಿಸು. ಕರ್ತನು ನಿಮ್ಮಿಬ್ಬರ ನಿದ್ದೆಯನ್ನೂ ನಿಮ್ಮ ಬಾಗಿಲನ್ನೂ ಕಾಯಲಿ.

ನಿನ್ನ ಅಕ್ಕ,
ಕೃಪಾವತಿ

ಮತ್ತೆ: ಕವರಿಗೆ ಅಂಟು ಹಚ್ಚುವಷ್ಟರಲ್ಲಿ ರತ್ನಾಳ ಫೋನು ಬಂತು, ಅವಸರದಲ್ಲಿ ಬರೆಯುತ್ತಿದ್ದೇನೆ. ಇಬ್ಬರೂ ಭೋಪಾಲಕ್ಕೆ ಟಿಕೆಟ್ ಮಾಡಿಸಿದ್ದಾರೆ. ಈ ಶನಿವಾರ ಅಲ್ಲ, ಅದರ ಮುಂದಿನ ಶನಿವಾರ ಬೆಳಿಗ್ಗೆ ಬಂದು ಇಳಿಯುತ್ತಾರೆ. ನಿನಗೆ ಹೇಳಬಾರದು ಅಂದಿದ್ದಾರೆ. ಓದಲು ಬಾರದ ಪುಸ್ತಕ ಹಿಡಿದು ಇಷ್ಟು ವರ್ಷ ಹಿರಿಯನಾಗಿ ಕೂತೆ, ಅದಕ್ಕೆ ಜಯವಂತನ ಹತ್ತಿರ ಕ್ಷಮೆ ಕೇಳಬೇಕು ಎಂದು ಸೋಮಶೇಖರಣ್ಣ ಹಟ ಹಿಡಿದಿದ್ದಾರಂತೆ. ಅವರು ನಿನ್ನನ್ನು ಕ್ಷಮೆ ಕೇಳುವುದು! ಆವತ್ತು ಆಫೀಸು ಅನ್ನಬೇಡ, ಮನೆಗೆ ಬೀಗ ಹಾಕಬೇಡ. ಸ್ಟೇಷನ್ನಿಗೆ ನೀನೇ ಹೋಗು. ಅವರು ಬಾಯಿ ತೆರೆಯುವ ಮೊದಲು ನೀನು ತೆರೆ.