ಅಕ್ಕನ ಎಡಗಾಲು

ನವೆಂಬರ್ 14, ಗುರುವಾರ

ಅಕ್ಕ ಇಂದು ಕಾರ್ನರ್ ಕಿಕ್ಕನ್ನು ಎಡಗಾಲಲ್ಲಿ ಹೊಡೆದಳು. ಫೋನಿನಲ್ಲಿ ಪಂದ್ಯ ನೋಡುತ್ತಿದ್ದ ಮನೆಯವರು ಗಮನಿಸಲಿಲ್ಲ. ಕಂಬಂ ಕಣಿವೆಯಿಂದ ಸಂಬಳಕ್ಕೆ ಫುಟ್‌ಬಾಲ್ ಆಡಲು ಮಾಲ್ದೀವ್ಸ್‌ಗೆ ಹೋದ ಮೊದಲ ಹುಡುಗಿ ಅಕ್ಕ ಪಾಂಡೀಶ್ವರಿ, ಅವರಿಗೆ ಅಷ್ಟೇ ಸಾಕು. ಚಿನ್ನಮನೂರಿನ ಕೊಯ್ದ ಗದ್ದೆಯಲ್ಲಿ ಆರು ವರ್ಷ ಅವಳ ಚೆಂಡು ತಡೆದವಳು ನಾನು. ನಾನು ಶಾಲೆ ಬಿಟ್ಟದ್ದೂ ಅದಕ್ಕೇ. ಎಡಗಾಲಲ್ಲಿ ಅವಳು ಒಮ್ಮೆಯೂ ಕಾರ್ನರ್ ಹೊಡೆದಿರಲಿಲ್ಲ.

ಸಂಜೆ ವೀಡಿಯೊ ಕಾಲ್ ಮಾಡಿದಳು. ಅವಳನ್ನು ಕರೆದೊಯ್ದ ದಿಂಡಿಗಲ್ಲಿನ ಏಜೆಂಟ್ ಪಕ್ಕದಲ್ಲೇ ಕೂತಿದ್ದ. "ಎಲ್ಲಾಂ ನಲ್ಲಾ ಇರುಕ್ಕು," ಎಲ್ಲ ಚೆನ್ನಾಗಿದೆ ಎಂದು ತಮಿಳಿನಲ್ಲಿ ಹೇಳಿ ನಕ್ಕಳು. ಅವ್ವ ಹಾಲು ಕರೆಯಲು ಎದ್ದುಹೋದದ್ದೇ, ನಗು ಬಿಡದೆ, ಅವನಿಗೆ ತಿಳಿಯದ ನಮ್ಮ ಮನೆಮಾತು ಕನ್ನಡಕ್ಕೆ ಹೊರಳಿದಳು.

"ಬಲಗಡೇದು ಮಡ್ಸಕ್ಕಾಗ್ತಿಲ್ಲ ಕಣೇ. ಸೂಜಿ ಚುಚ್ಚಿ ಆಡಿಸ್ತವ್ರೆ."

"ಬಂದ್ಬಿಡು."

"ಪುಸ್ತ್ಕ ಇವ್ನತ್ರ ಐತೆ. ನಗೇ, ನೋಡ್ತಾವ್ನೆ."

ಪಾಸ್‌ಪೋರ್ಟ್ ಎಂದಿದ್ದರೆ ಅವನಿಗೆ ತಿಳಿದುಬಿಡುತ್ತಿತ್ತು. ನಾನು ನಕ್ಕೆ.

"ಎನ್ನಮ್ಮಾ ಜೋಕ್?" ಎಂದ ಅವನು.

"ಎಂಗ ಎರುಮೈ ಅಣ್ಣಾ," ಎಂದಳು ಅಕ್ಕ, ನಮ್ಮ ಎಮ್ಮೆಯ ವಿಷಯ ಎಂದು. ಮತ್ತೆ ನನ್ನ ಕಡೆ, "ಅವ್ವಂಗೆ ಹೇಳ್ಬೇಡ."

ಕಾಲ್ ಮುಗಿಯುವಷ್ಟರಲ್ಲಿ ಅವ್ವ ಚೊಂಬು ಹಿಡಿದು ಬಂದಳು. "ಏನಂದ್ಲೇ, ಅಷ್ಟು ನಗ್ತಿದ್ದೆ?"

ಶಾಲೆ ಬಿಟ್ಟ ದಿನವೂ ಅವ್ವನಿಗೆ ಸುಳ್ಳು ಹೇಳಿದವಳಲ್ಲ. ಎಮ್ಮೆ ವಿಷಯ ಅಂದೆ. ಅವ್ವನೂ ನಕ್ಕಳು.

ಈಗ ಅವ್ವ ಮಲಗಿದ್ದಾಳೆ. ಭಾನುವಾರ ಇನ್ನೊಂದು ಪಂದ್ಯ, ಇನ್ನೊಂದು ಸೂಜಿ. ಅಕ್ಕ ಬೈದರೆ ಬೈಯಲಿ. ಈ ಸಾಲು ಮುಗಿಸಿ ಅವ್ವನನ್ನು ಎಬ್ಬಿಸುತ್ತೇ—