ಯಕ್ಷಿತಾಳಿಗೆ ಹಾಕುವ ಎಲೆ

ಕಾಂದಿವಲಿ, ಬುಧವಾರ

ಡಾಕ್ಟರ್ ಸುಪ್ರಜಾ ಅವರಿಗೆ, ಯಕ್ಷಿತಾಳ ತಂದೆ ಮಾಡುವ ನಮಸ್ಕಾರ.

ಮಗಳು ಹೋದ ಮೇಲೆ ನಿಮ್ಮನ್ನು ಕಾಣಲು ಬರಲಾಗಲಿಲ್ಲ. ಹೊಟ್ಟೆಯ ಡಾಕ್ಟರು, ಕೂದಲಿನ ಡಾಕ್ಟರು, ಹಲ್ಲಿನ ಡಾಕ್ಟರು, ಎಲ್ಲರಿಗೂ ತೋರಿಸಿದ್ದೆವು. "ಊಟ ಕಂಡರೆ ಹೆದರಿಕೆ ಆಗತ್ತಾ?" ಎಂದು ಅವಳನ್ನು ಕೇಳಿದವರು ನೀವೊಬ್ಬರೇ. ಅಷ್ಟು ಹೊತ್ತಿಗೆ ತಡವಾಗಿತ್ತು. ಫೋರ್ಟಿನ ಹೋಟೆಲಿನಲ್ಲಿ ನಾನು ಈಗಲೂ ಊರಿಗೆಲ್ಲ ಬಡಿಸುತ್ತಿದ್ದೇನೆ.

ಒಂದು ಸಲಹೆ ಬೇಕಿತ್ತು. ಭಾನುವಾರ ಅವಳಿಗೆ ಎಲೆ ಹಾಕುತ್ತೇವೆ. ನಮ್ಮಲ್ಲಿ ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಮನೆಯವರು ಹೊರಗೆ ನಿಲ್ಲಬೇಕು. ಅವರು ಬಂದು ಉಣ್ಣುತ್ತಾರೆಂದು ನಂಬಿಕೆ. ನನ್ನ ಹೆಂಡತಿ ಮೋಹಿನಿ ಎಲೆ ತುಂಬ ಬಡಿಸಬೇಕೆಂದಳು. "ಅಷ್ಟು ಕಂಡರೆ ಮಗು ಹೆದರ್ತದೆ ಮಾರಾಯ್ತಿ, ಅರ್ಧ ಇಡ್ಲಿ ಸಾಕು" ಎಂದೆ.

ನನಗೆ ಬಾಗಿಲಿನದೇ ಚಿಂತೆ. ಊಟವಾದ ಮೇಲೆ ಅರ್ಧ ಗಂಟೆ ಅವಳನ್ನು ಒಬ್ಬಳನ್ನೇ ಬಿಡಬೇಡಿ, ಹೋಗಿ ವಾಂತಿ ಮಾಡಿಕೊಳ್ಳುತ್ತಾಳೆ ಎಂದು ನೀವು ಹೇಳಿದ್ದಿರಿ. ಒಳಗೆ ಯಾರೂ ಇರಬಾರದು ಎನ್ನುತ್ತಾರೆ ನಮ್ಮ ಹಿರಿಯರು. ನೀವೊಂದು ಮಾತು ಹೇಳಿದರೆ ನಾನು ಅವಳ ಪಕ್ಕದಲ್ಲೇ ಕೂರುತ್ತೇನೆ.

ಶನಿವಾರದೊಳಗೆ ಫೋನ್ ಮಾಡಿ.

ಚೆನ್ನಯ